ಇರುವೆ ಸಾಕಣೆ

ಇರುವೆ ಸಾಕಣೆ ಎಂದರೆ ಒಂದು ಅಥವಾ ಹೆಚ್ಚು ರಾಣಿ ಇರುವೆಗಳನ್ನು ಅವುಗಳ ಸಂತತಿಯೊಂದಿಗೆ ಕೃತಕ ಗೂಡಿನಲ್ಲಿ ಇರಿಸಿ, ಪೋಷಿಸಿ, ಅವುಗಳ ಬದುಕನ್ನು ಗಮನಿಸುವ ಹವ್ಯಾಸ. ಜೇನು ಸಾಕಣೆಯಲ್ಲಿ ಜೇನುತುಪ್ಪವೂ ರೇಷ್ಮೆ ಕೃಷಿಯಲ್ಲಿ ನೂಲೂ ದೊರೆಯುವಂತೆ ಇದರಲ್ಲಿ ಯಾವ ಉತ್ಪನ್ನವೂ ದೊರೆಯುವುದಿಲ್ಲ. ವೀಕ್ಷಣೆ ಮತ್ತು ಕಲಿಕೆಗಳೇ ಇದರ ಉದ್ದೇಶ. ಇರುವೆಗಳನ್ನು ಇರಿಸುವ ಕೃತಕ ಗೂಡಿಗೆ ಫಾರ್ಮಿಕೇರಿಯಂ ಎಂಬ ಹೆಸರಿದೆ. ಇರುವೆ ಎಂಬ ಅರ್ಥದ 'ಫಾರ್ಮಿಕ' ಎಂಬ ಲ್ಯಾಟಿನ್ ಪದದಿಂದ ಈ ಹೆಸರು ಬಂದಿದೆ.

ಒಂದು ಗೂಡಿನಲ್ಲಿ ಒಟ್ಟಾಗಿ ಬಾಳುವ ಇರುವೆಗಳ ಸಮೂಹವನ್ನು, 'ಜೇನು ಕುಟುಂಬ' ಎಂಬ ಬಳಕೆಯನ್ನು ಅನುಸರಿಸಿ, ಈ ಲೇಖನದಲ್ಲಿ 'ಇರುವೆ ಕುಟುಂಬ' ಎಂದು ಕರೆಯಲಾಗಿದೆ. ಮನೆಯಲ್ಲಿ ಇಂತಹ ಕುಟುಂಬವನ್ನು ಆರಂಭಿಸುವ ಸಾಮಾನ್ಯ ಕ್ರಮವೆಂದರೆ, ಮಿಲನ ಹಾರಾಟವನ್ನು ಮುಗಿಸಿ ನೆಲಕ್ಕಿಳಿದ ಒಂದೇ ಒಂದು ರಾಣಿಯನ್ನು ಗಾಜಿನ ಪ್ರನಾಳದಲ್ಲಿ ಇರಿಸಿ, ಅದು ತಾನೇ ಮೊಟ್ಟೆಯಿಟ್ಟು ಮೊದಲ ಕೆಲಸಗಾರ ಇರುವೆಗಳನ್ನು ಬೆಳೆಸುವವರೆಗೆ ಕಾಯುವುದು.

ಇತಿಹಾಸ

ಇರುವೆಗಳನ್ನು ಗಾಜಿನ ಪಾತ್ರೆಗಳಲ್ಲಿ ಇರಿಸಿ ಅಧ್ಯಯನ ಮಾಡುವ ಪದ್ಧತಿ ಯೂರೋಪಿನಲ್ಲಿ 18ನೆಯ ಶತಮಾನದಷ್ಟು ಹಳೆಯದು. ಫ್ರಾನ್ಸಿನ ವಿಜ್ಞಾನಿ ರೆನೆ ಆಂತ್ವಾನ್ ದ ರೋಮ್ಯೂರ್ (1683–1757) ಇರುವೆಗಳನ್ನು ಹೀಗೆ ಗಮನಿಸಿ ಬರೆದಿಟ್ಟ ಹಸ್ತಪ್ರತಿ ಬಹುಕಾಲ ಅಪ್ರಕಟಿತವಾಗಿದ್ದು, 1926ರಲ್ಲಿ ಬೆಳಕಿಗೆ ಬಂದಿತು. ಜಿನೀವಾದ ಪಿಯರ್ ಹ್ಯೂಬರ್ 1810ರಲ್ಲಿ ಇರುವೆಗಳ ನಡವಳಿಕೆಯನ್ನು ಕುರಿತ ಗ್ರಂಥವನ್ನು ಪ್ರಕಟಿಸಿದನು. ಕೆಲವು ಇರುವೆಗಳು ಇತರ ಇರುವೆಗಳ ಗೂಡುಗಳಿಗೆ ದಾಳಿಯಿಟ್ಟು ಮರಿಗಳನ್ನು ಹೊತ್ತೊಯ್ದು, ತಮ್ಮ ಗೂಡಿನಲ್ಲಿ ದುಡಿಸಿಕೊಳ್ಳುವ ಸಂಗತಿಯನ್ನು ಆತನು ಅದರಲ್ಲಿ ವಿವರಿಸಿದ್ದನು.

ಇಂಗ್ಲೆಂಡಿನ ಜಾನ್ ಲಬಕ್ (1834–1913) ವೃತ್ತಿಯಿಂದ ಬ್ಯಾಂಕಿನವನು. ಪಾರ್ಲಿಮೆಂಟಿನ ಸದಸ್ಯನೂ ಆಗಿದ್ದನು. ಬಿಡುವಿನ ವೇಳೆಯಲ್ಲಿ ಆತನು ಎರಡು ಗಾಜಿನ ಹಲಗೆಗಳ ನಡುವೆ ತೆಳುವಾಗಿ ಮಣ್ಣನ್ನು ಹರಡಿ, ಅದರಲ್ಲಿ ಇರುವೆಗಳನ್ನು ಸಾಕಿದನು. ಒಂದೊಂದು ಇರುವೆಗೂ ಬಣ್ಣದ ಚುಕ್ಕೆಯಿಟ್ಟು ಅದರ ಓಡಾಟವನ್ನು ಗುರುತಿಸಿದನು. ಮನುಷ್ಯನ ಕಣ್ಣಿಗೆ ಕಾಣದ ನೇರಳಾತೀತ ಬೆಳಕಿಗೆ ಇರುವೆಗಳು ಪ್ರತಿಕ್ರಿಯಿಸುತ್ತವೆ ಎಂಬುದನ್ನು ಪ್ರಯೋಗದಿಂದ ತೋರಿಸಿಕೊಟ್ಟನು. ಈ ವೀಕ್ಷಣೆಗಳೆಲ್ಲ 1882ರಲ್ಲಿ 'ಆಂಟ್ಸ್, ಬೀಸ್ ಅಂಡ್ ವಾಸ್ಪ್ಸ್' ಎಂಬ ಗ್ರಂಥವಾಗಿ ಪ್ರಕಟವಾದವು. ಆತನ ಬಳಿಯಿದ್ದ ಒಂದು ರಾಣಿ ಇರುವೆ ಹದಿಮೂರು ವರ್ಷಗಳಿಗೂ ಹೆಚ್ಚು ಕಾಲ ಬದುಕಿತ್ತು.

ಫ್ರಾನ್ಸಿನ ಎಂಜಿನಿಯರ್ ಹಾಗೂ ಕೀಟತಜ್ಞ ಶಾರ್ಲ್ ಜಾನೆ (1849–1932) ರೂಪಿಸಿದ ಕೃತಕ ಗೂಡುಗಳು 1900ರಲ್ಲಿ ಪ್ಯಾರಿಸ್ಸಿನ ವಿಶ್ವ ಪ್ರದರ್ಶನದಲ್ಲಿ ಪ್ರದರ್ಶಿತವಾದವು. ಅಮೆರಿಕದ ಅಡೆಲ್ ಫೀಲ್ಡ್ (1839–1916) ಎಂಬ ಸಂಶೋಧಕಿಯೂ ಗಾಜಿನ ಗೂಡಿನ ಒಂದು ಮಾದರಿಯನ್ನು ರೂಪಿಸಿದರು. ಅದು ಪ್ರಯೋಗಾಲಯಗಳಲ್ಲಿ ಅವರ ಹೆಸರಿನಿಂದಲೇ ಬಳಕೆಗೆ ಬಂದಿತು.

ಕೃತಕ ಗೂಡನ್ನು ಅಂಗಡಿಯ ಸರಕನ್ನಾಗಿಸಿದವನು ಡಾರ್ಟ್‌ಮತ್ ಕಾಲೇಜಿನ ಎಂಜಿನಿಯರಿಂಗ್ ಪ್ರಾಧ್ಯಾಪಕ ಫ್ರಾಂಕ್ ಆಸ್ಟಿನ್. 1929ರ ಸುಮಾರಿಗೆ ಮಾರಾಟವನ್ನು ಆರಂಭಿಸಿದ ಆತನಿಗೆ 1931ರಲ್ಲಿ ಪೇಟೆಂಟ್ ದೊರೆಯಿತು. 1956ರಲ್ಲಿ ಮಿಲ್ಟನ್ ಲೆವಿನ್ ಎಂಬ ವ್ಯಾಪಾರಿ 'ಆಂಟ್ ಫಾರ್ಮ್' ಎಂಬ ಹೆಸರಿನ ಪ್ಲಾಸ್ಟಿಕ್ ಗೂಡನ್ನು ಮಕ್ಕಳ ಆಟಿಕೆಯಾಗಿ ಮಾರುಕಟ್ಟೆಗೆ ತಂದನು. ಇಂತಹ ಆಟಿಕೆಗಳೊಂದಿಗೆ ಕೆಲಸಗಾರ ಇರುವೆಗಳನ್ನು ಮಾತ್ರ ಕಳುಹಿಸಲಾಗುತ್ತಿತ್ತು. ರಾಣಿಯಿಲ್ಲದ ಆ ಗುಂಪುಗಳು ಕೆಲವು ವಾರ ಅಥವಾ ತಿಂಗಳುಗಳಲ್ಲಿ ಸತ್ತು ಮುಗಿಯುತ್ತಿದ್ದವು. ರಾಣಿಯಿಂದಲೇ ಕುಟುಂಬವನ್ನು ಆರಂಭಿಸಿ ವರ್ಷಗಟ್ಟಲೆ ಸಾಕುವ ಈಗಿನ ಕ್ರಮವು ವ್ಯಾಪಕವಾಗಿ ಹರಡಿದ್ದು 21ನೆಯ ಶತಮಾನದಲ್ಲಿ, ಅಂತರಜಾಲದ ಮೂಲಕ.

ಇರುವೆ ಕುಟುಂಬದ ಸ್ವರೂಪ

ಇರುವೆಗಳು ಜೇನ್ನೊಣ ಮತ್ತು ಕಣಜಗಳೂ ಸೇರಿರುವ ಹೈಮೆನಾಪ್ಟೆರ ಗಣಕ್ಕೆ ಸೇರಿದ ಕೀಟಗಳು. ಜಗತ್ತಿನಲ್ಲಿ 14,000ದಷ್ಟು ಇರುವೆ ಪ್ರಭೇದಗಳನ್ನು ಗುರುತಿಸಿ ಹೆಸರಿಸಲಾಗಿದೆ. ಭಾರತದಲ್ಲಿ ದಾಖಲಾಗಿರುವವು ಎಂಟುನೂರಕ್ಕೂ ಹೆಚ್ಚು.

ಇರುವೆಯ ಬೆಳವಣಿಗೆಯಲ್ಲಿ ಮೊಟ್ಟೆ, ಮರಿಹುಳು, ಕೋಶ, ಪ್ರೌಢ ಎಂಬ ನಾಲ್ಕು ಅವಸ್ಥೆಗಳಿವೆ. ಮರಿಹುಳುವಿಗೆ ಕಾಲುಗಳಿಲ್ಲ, ಅದನ್ನು ಉಣಿಸಿ, ನೆಕ್ಕಿ ಶುಚಿಗೊಳಿಸಿ, ಬೇಕಾದ ತೇವವಿರುವ ಕೋಣೆಗೆ ಹೊತ್ತೊಯ್ದು ಕಾಪಾಡುವವು ಕೆಲಸಗಾರ ಇರುವೆಗಳು. ಕೆಲವು ಪ್ರಭೇದಗಳಲ್ಲಿ ಕೋಶಾವಸ್ಥೆಯ ಇರುವೆಯ ಸುತ್ತ ರೇಷ್ಮೆಯ ಗೂಡು ಇರುತ್ತದೆ. ಸಕ್ಕರೆಯ ಡಬ್ಬಿಯ ಬಳಿ ಇರುವೆಗಳು ಬಾಯಲ್ಲಿ ಕಚ್ಚಿಕೊಂಡು ಓಡುವ ಬಿಳಿಯ ಕಾಳಿನಂತಹ ವಸ್ತುಗಳನ್ನು ಜನರು ಮೊಟ್ಟೆಗಳೆಂದು ಭಾವಿಸುವುದುಂಟು. ಅವು ಬಹುಮಟ್ಟಿಗೆ ಮರಿಹುಳುಗಳು ಅಥವಾ ಕೋಶಗಳು. ನಿಜವಾದ ಮೊಟ್ಟೆಯು ಬರಿಗಣ್ಣಿಗೆ ಕಷ್ಟದಿಂದ ಕಾಣುವಷ್ಟು ಚಿಕ್ಕದು.

ಕೆಲಸಗಾರ ಇರುವೆಗಳೆಲ್ಲವೂ ಹೆಣ್ಣುಗಳು. ಫಲಿತ ಮೊಟ್ಟೆಯಿಂದ ಹೆಣ್ಣೂ ಫಲಿತವಾಗದ ಮೊಟ್ಟೆಯಿಂದ ಗಂಡೂ ಹುಟ್ಟುತ್ತವೆ. ರೆಕ್ಕೆಯುಳ್ಳ ಗಂಡುಗಳು ಮಿಲನದ ನಂತರ ಬೇಗನೆ ಸಾಯುತ್ತವೆ. ರಾಣಿಯು ತನ್ನ ಬಾಳಿನ ಆರಂಭದಲ್ಲಿ ಒಂದು ಅಥವಾ ಕೆಲವು ಗಂಡುಗಳೊಂದಿಗೆ ಕೂಡಿ, ಆಗ ಪಡೆದ ವೀರ್ಯವನ್ನು ಒಡಲಿನ ಚೀಲವೊಂದರಲ್ಲಿ ಕಾಪಿಟ್ಟುಕೊಂಡು, ಜೀವಮಾನವಿಡೀ ಅದನ್ನೇ ಬಳಸುತ್ತದೆ. ಯೂರೋಪಿನ ಕಪ್ಪು ತೋಟದ ಇರುವೆಯಾದ ಲೇಸಿಯಸ್ ನೈಗರ್‌ನ ಒಂದು ರಾಣಿಯು ಸಾಕಣೆಯಲ್ಲಿ 28 ವರ್ಷಗಳಿಗೂ ಹೆಚ್ಚು ಕಾಲ ಬದುಕಿದ ದಾಖಲೆಯಿದೆ. ಆದುದರಿಂದ ಒಂದು ರಾಣಿಯನ್ನು ಮನೆಗೆ ತರುವುದು ಹಲವು ವರ್ಷಗಳ ಹೊಣೆಯನ್ನು ಹೊತ್ತಂತೆ.

ಪ್ರಭೇದದ ಆಯ್ಕೆ

ಹೊಸಬರಿಗೆ ಸೂಕ್ತವೆನಿಸುವ ಇರುವೆಯಲ್ಲಿ ಕೆಲವು ಲಕ್ಷಣಗಳಿರಬೇಕು. ಅದು ಸ್ಥಳೀಯ ಪ್ರಭೇದವಾಗಿರಬೇಕು; ಕಣ್ಣಿಗೆ ಚೆನ್ನಾಗಿ ಕಾಣುವಷ್ಟು ದೊಡ್ಡದಾಗಿರಬೇಕು; ಕುಟುಕಿನಿಂದ ಅಪಾಯವಿರಬಾರದು; ರಾಣಿಯು ಆಹಾರವಿಲ್ಲದೆ, ಹೊರಗೆ ಹೋಗದೆ, ಏಕಾಂಗಿಯಾಗಿ ಮೊದಲ ಸಂತಾನವನ್ನು ಬೆಳೆಸುವಂತಿರಬೇಕು.

ದಕ್ಷಿಣ ಭಾರತದಲ್ಲಿ ಈ ಲಕ್ಷಣಗಳೆಲ್ಲ ಕೂಡಿರುವ ಇರುವೆಯೆಂದರೆ ಕ್ಯಾಂಪೊನೋಟಸ್ ಕಂಪ್ರೆಸಸ್. ಕನ್ನಡದಲ್ಲಿ ಗೊದ್ದ ಎಂದು ಕರೆಯುವ ದೊಡ್ಡ ಕರಿಯ ಇರುವೆಗಳಲ್ಲಿ ಇದು ಅತಿ ಸಾಮಾನ್ಯ. ಮರದ ಬುಡದಲ್ಲಿ, ಕಟ್ಟಡಗಳ ಅಂಚಿನಲ್ಲಿ ನೆಲದೊಳಗೆ ಇದು ಗೂಡು ಮಾಡುತ್ತದೆ. ಗಿಡಹೇನು ಮೊದಲಾದ ಕೀಟಗಳು ಸ್ರವಿಸುವ ಸಿಹಿದ್ರವಕ್ಕಾಗಿ ಗಿಡಗಳನ್ನು ಏರುತ್ತದೆ. ಇದರ ಕೆಲಸಗಾರರಲ್ಲಿ ಸಣ್ಣ ತಲೆಯವೂ ದೊಡ್ಡ ತಲೆಯವೂ ಇದ್ದು, ಒಂದೇ ತಾಯಿಯ ಮಕ್ಕಳಲ್ಲಿ ಇಷ್ಟು ಗಾತ್ರಭೇದವಿರುವುದು ನೋಡುವವರಿಗೆ ಸೋಜಿಗವೆನಿಸುತ್ತದೆ. ಇದಕ್ಕೆ ಕುಟುಕುವ ಮುಳ್ಳಿಲ್ಲ. ಆದರೆ ದೊಡ್ಡ ಕೆಲಸಗಾರರು ಬಲವಾಗಿ ಕಚ್ಚಬಲ್ಲವು. ಫಾರ್ಮಿಕ್ ಆಮ್ಲವನ್ನು ಚಿಮ್ಮಿಸಲೂಬಲ್ಲವು.

ಕೆಲವು ಇರುವೆಗಳು ಹೊಸಬರಿಗೆ ಸೂಕ್ತವಲ್ಲ. ಅವುಗಳಲ್ಲಿ ಮುಖ್ಯವಾದವು:

ಚಗಳಿ (ಈಕೋಫಿಲ್ಲ ಸ್ಮರಾಗ್ಡಿನ): ಮಲೆನಾಡು ಮತ್ತು ಕರಾವಳಿಯಲ್ಲಿ ಮರದ ಎಲೆಗಳನ್ನು ಮರಿಹುಳುಗಳ ರೇಷ್ಮೆಯಿಂದ ಹೊಲಿದು ಗೂಡು ಕಟ್ಟುವ ಕೆಂಪು ಇರುವೆ. ಇದಕ್ಕೆ ಜೀವಂತ ಎಲೆಗಳು ಬೇಕು. ಒಂದು ಕುಟುಂಬವು ಹಲವು ಮರಗಳಿಗೆ ಹರಡುವಷ್ಟು ದೊಡ್ಡದಾಗುತ್ತದೆ.

ಟೆಟ್ರಪೊನೆರ ರೂಫೋನೈಗ್ರ: ಕೆಂಪು–ಕಪ್ಪು ಬಣ್ಣದ, ಮರದಲ್ಲಿ ವಾಸಿಸುವ ಇರುವೆ. ಇದರ ಕುಟುಕು ಬಹಳ ನೋವುಂಟುಮಾಡುತ್ತದೆ. ಕೆಲವರಲ್ಲಿ ತೀವ್ರ ಅಲರ್ಜಿಗೂ ಕಾರಣವಾಗುತ್ತದೆ.

ಮಾನೊಮೋರಿಯಂ ಫರೋನಿಸ್: ಮನೆ ಮತ್ತು ಆಸ್ಪತ್ರೆಗಳಲ್ಲಿ ಉಪದ್ರವ ಕೊಡುವ ಅತಿ ಸಣ್ಣ ಇರುವೆ. ಒಂದೇ ಗೂಡಿನಲ್ಲಿ ಅನೇಕ ರಾಣಿಗಳಿರುತ್ತವೆ. ಕೂದಲೆಳೆಯ ಸಂದಿನಲ್ಲೂ ನುಸುಳುವುದರಿಂದ ಇದನ್ನು ಬಂಧನದಲ್ಲಿಡುವುದು ಕಷ್ಟ.

ಡಯಾಕಮ್ಮ ಕುಲದ ಇರುವೆಗಳು: ಇವುಗಳಲ್ಲಿ ಪ್ರತ್ಯೇಕ ರಾಣಿ ಎಂಬ ವರ್ಗವೇ ಇಲ್ಲ. ಕೆಲಸಗಾರ ಇರುವೆಗಳಲ್ಲೇ ಒಂದು ಗಂಡಿನೊಂದಿಗೆ ಕೂಡಿ ಮೊಟ್ಟೆಯಿಡುತ್ತದೆ. ಆದುದರಿಂದ ರಾಣಿಯೊಂದನ್ನು ಹಿಡಿದು ತಂದು ಕುಟುಂಬ ಆರಂಭಿಸುವ ಕ್ರಮ ಇವುಗಳಿಗೆ ಹೊಂದುವುದಿಲ್ಲ.

ಪ್ರಭೇದವನ್ನು ಗುರುತಿಸುವುದಕ್ಕೆ ಸಿ. ಟಿ. ಬಿಂಗ್‌ಹ್ಯಾಮ್‌ನು 1903ರಲ್ಲಿ 'ಫಾನಾ ಆಫ್ ಬ್ರಿಟಿಷ್ ಇಂಡಿಯಾ' ಮಾಲೆಯಲ್ಲಿ ಬರೆದ ಸಂಪುಟವು ದೀರ್ಘಕಾಲ ಆಧಾರವಾಗಿತ್ತು. ಅಜಯ್ ನರೇಂದ್ರ ಮತ್ತು ಸುನಿಲ್ ಕುಮಾರ್ ಅವರು 2006ರಲ್ಲಿ ಪ್ರಕಟಿಸಿದ 'ಆನ್ ಎ ಟ್ರೈಲ್ ವಿತ್ ಆಂಟ್ಸ್' ಎಂಬ ಇಂಗ್ಲಿಷ್ ಕೈಪಿಡಿಯು ಪರ್ಯಾಯ ದ್ವೀಪದ ಇರುವೆಗಳನ್ನು ಸಾಮಾನ್ಯ ಓದುಗರಿಗೆ ಪರಿಚಯಿಸುತ್ತದೆ.

ರಾಣಿಯನ್ನು ಪಡೆಯುವುದು

ವರ್ಷದ ನಿರ್ದಿಷ್ಟ ಕಾಲದಲ್ಲಿ, ಹವಾಮಾನ ಅನುಕೂಲವಾದಾಗ, ಒಂದು ಪ್ರದೇಶದ ಅನೇಕ ಗೂಡುಗಳಿಂದ ರೆಕ್ಕೆಯಿರುವ ಹೆಣ್ಣು ಮತ್ತು ಗಂಡು ಇರುವೆಗಳು ಒಮ್ಮೆಗೇ ಹೊರಬೀಳುತ್ತವೆ. ಇದನ್ನು ಮಿಲನ ಹಾರಾಟ ಎನ್ನುತ್ತಾರೆ. ದಕ್ಷಿಣ ಭಾರತದ ಅನೇಕ ಪ್ರಭೇದಗಳಲ್ಲಿ ಇದು ಬೇಸಿಗೆಯ ಕೊನೆಯ ಮಳೆಗಳು ಹಾಗೂ ಮುಂಗಾರಿನ ಆರಂಭದ ಮಳೆಗಳೊಂದಿಗೆ ಬೆಸೆದುಕೊಂಡಿದೆ. ಮಳೆ ನಿಂತ ಸಂಜೆ ಅಥವಾ ಮರುದಿನ ಬೆಳಿಗ್ಗೆ ದೀಪದ ಕಂಬದ ಕೆಳಗೆ, ಅಂಗಳದಲ್ಲಿ, ಗೋಡೆಯ ಬುಡದಲ್ಲಿ ರಾಣಿಗಳು ಓಡಾಡುವುದು ಕಾಣುತ್ತದೆ.

ಅದೇ ಹೊತ್ತಿನಲ್ಲಿ ಈಸಲು ಎಂದು ಕರೆಯುವ ರೆಕ್ಕೆಯ ಗೆದ್ದಲುಗಳೂ ಹಾರುವುದರಿಂದ ಗೊಂದಲವಾಗುವುದುಂಟು. ಗೆದ್ದಲಿನ ನಾಲ್ಕು ರೆಕ್ಕೆಗಳೂ ಒಂದೇ ಅಳತೆಯವು, ಕುಡಿಮೀಸೆಯು ಮಣಿಗಳನ್ನು ಪೋಣಿಸಿದಂತೆ ನೇರವಾಗಿದೆ, ಸೊಂಟವು ದಪ್ಪ. ಇರುವೆಯ ಮುಂದಿನ ರೆಕ್ಕೆಗಳು ಹಿಂದಿನವುಗಳಿಗಿಂತ ದೊಡ್ಡವು. ಕುಡಿಮೀಸೆಯು ಮೊಣಕೈಯಂತೆ ಬಾಗಿದೆ. ಸೊಂಟವು ತೀರ ಸಪೂರ.

ರಾಣಿಯನ್ನು ಕೆಲಸಗಾರ ಇರುವೆಯಿಂದ ಬೇರ್ಪಡಿಸುವ ಮುಖ್ಯ ಲಕ್ಷಣ ಅದರ ಉಬ್ಬಿದ ಎದೆಭಾಗ. ಹಾರಾಟದ ಸ್ನಾಯುಗಳು ಅಲ್ಲಿರುವುದೇ ಇದಕ್ಕೆ ಕಾರಣ. ಮಿಲನದ ಬಳಿಕ ರಾಣಿಯು ರೆಕ್ಕೆಗಳನ್ನು ತಾನೇ ಕಳಚಿಹಾಕುತ್ತದೆ. ಅವುಗಳ ಬುಡದ ಗುರುತುಗಳು ಎದೆಯ ಪಕ್ಕದಲ್ಲಿ ಉಳಿಯುತ್ತವೆ. ರೆಕ್ಕೆ ಕಳಚಿದ್ದು ಮಿಲನವಾದುದರ ಖಚಿತ ಪ್ರಮಾಣವಲ್ಲ. ಕೂಡದ ರಾಣಿಯೂ ಕೆಲವೊಮ್ಮೆ ರೆಕ್ಕೆ ಕಳಚುತ್ತದೆ. ಅಂತಹ ರಾಣಿಯಿಂದ ಗಂಡುಗಳು ಮಾತ್ರ ಹುಟ್ಟುತ್ತವೆ.

ನೆಲೆಗೊಂಡ ಗೂಡನ್ನು ಅಗೆದು ರಾಣಿಯನ್ನು ತೆಗೆಯುವುದನ್ನು ಅನುಭವಿಗಳು ಖಂಡಿಸುತ್ತಾರೆ. ಹಾಗೆ ಮಾಡಿದಾಗ ವರ್ಷಗಳಿಂದ ಬೆಳೆದ ಕುಟುಂಬವೇ ನಾಶವಾಗುತ್ತದೆ. ಅಗೆಯುವಾಗ ರಾಣಿಗೆ ಪೆಟ್ಟಾಗುವ ಸಂಭವವೂ ಹೆಚ್ಚು. ಹಾರಾಟದ ನಂತರ ನೆಲಕ್ಕಿಳಿದ ರಾಣಿಗಳಾದರೋ ಬಹುಪಾಲು ಹಕ್ಕಿ, ಹಲ್ಲಿ, ಕಪ್ಪೆ, ಜೇಡ ಮತ್ತು ಇತರ ಇರುವೆಗಳ ಬಾಯಿಗೆ ಬೀಳುತ್ತವೆ. ಕುಟುಂಬವನ್ನು ಸ್ಥಾಪಿಸುವಷ್ಟು ಕಾಲ ಬದುಕುವವು ಅತ್ಯಲ್ಪ. ಅವುಗಳಲ್ಲಿ ಒಂದನ್ನು ತೆಗೆದುಕೊಂಡರೆ ನಿಸರ್ಗಕ್ಕಾಗುವ ನಷ್ಟವು ಕಡಿಮೆ.

ಪ್ರನಾಳ ವಿಧಾನ

ರಾಣಿಯನ್ನು ಇರಿಸುವುದಕ್ಕೆ ಪ್ರಯೋಗಾಲಯದ ಸಾಮಾನ್ಯ ಪ್ರನಾಳವೇ ಸಾಕು. ಸುಮಾರು 15 ಸೆಂಟಿಮೀಟರ್ ಉದ್ದದ ಪ್ರನಾಳದಲ್ಲಿ ಮೂರನೆಯ ಒಂದು ಭಾಗದಷ್ಟು ಶುದ್ಧ ನೀರನ್ನು ತುಂಬಿ, ನೀರಿನ ಅಂಚಿಗೆ ತಾಗುವಂತೆ ಹತ್ತಿಯ ಬಿಗಿಯಾದ ಉಂಡೆಯನ್ನು ತಳ್ಳಬೇಕು. ಹತ್ತಿಯು ತೇವವನ್ನು ಹೀರಿಕೊಂಡರೂ ನೀರು ಈಚೆಗೆ ಹರಿಯಬಾರದು. ಉಳಿದ ಒಣಜಾಗದಲ್ಲಿ ರಾಣಿಯನ್ನು ಬಿಟ್ಟು, ಬಾಯಿಯನ್ನು ಗಾಳಿಯಾಡುವಂತೆ ಇನ್ನೊಂದು ಹತ್ತಿಯ ಉಂಡೆಯಿಂದ ಮುಚ್ಚಬೇಕು. ಪ್ರನಾಳವನ್ನು ಅಡ್ಡಲಾಗಿ, ಉರುಳದಂತೆ, ಕತ್ತಲಿರುವ ಹಾಗೂ ಅಲುಗಾಟವಿಲ್ಲದ ಸ್ಥಳದಲ್ಲಿ ಇರಿಸಬೇಕು. ಮಣ್ಣಿನೊಳಗೆ ರಾಣಿಯು ತೋಡಿಕೊಳ್ಳುವ ಮುಚ್ಚಿದ, ತೇವದ, ಕತ್ತಲೆಯ ಸಣ್ಣ ಕೋಣೆಯನ್ನು ಈ ವ್ಯವಸ್ಥೆಯು ಅನುಕರಿಸುತ್ತದೆ.

ಗೊದ್ದದ ರಾಣಿಗೆ ಈ ಅವಧಿಯಲ್ಲಿ ಆಹಾರ ಬೇಕಾಗುವುದಿಲ್ಲ. ಮುಂದೆಂದೂ ಬಳಸದ ಹಾರಾಟದ ಸ್ನಾಯುಗಳನ್ನೂ ಮೈಯಲ್ಲಿ ಕೂಡಿಟ್ಟ ಕೊಬ್ಬನ್ನೂ ಕರಗಿಸಿಕೊಂಡು ಅದು ಮೊಟ್ಟೆಯಿಡುತ್ತದೆ. ಮರಿಹುಳುಗಳಿಗೂ ಅದರಿಂದಲೇ ಉಣಿಸುತ್ತದೆ. ಜಿಗಿಯುವ ಇರುವೆಯಾದ ಹಾರ್ಪೆಗ್ನಥೋಸ್ ಸಾಲ್ಟೇಟರ್‌ನಂತಹ ಪ್ರಭೇದಗಳಲ್ಲಿ ರಾಣಿಯು ಹೊರಗೆ ಬೇಟೆಯಾಡಿ ಮರಿಗಳನ್ನು ಸಾಕುವುದರಿಂದ ಅವುಗಳಿಗೆ ಮೊದಲ ದಿನದಿಂದಲೇ ಆಹಾರ ಒದಗಿಸಬೇಕು.

ಈ ಹಂತದಲ್ಲಿ ರಾಣಿಯನ್ನು ಕೆಡಿಸುವ ದೊಡ್ಡ ಕಾರಣ ಸಾಕುವವರ ಕುತೂಹಲ. ಬೆಳಕು ಬೀರಿ, ಪ್ರನಾಳವನ್ನು ಎತ್ತಿ ತಿರುಗಿಸಿ ಪದೇ ಪದೇ ನೋಡಿದರೆ ಗಾಬರಿಗೊಂಡ ರಾಣಿಯು ತಾನಿಟ್ಟ ಮೊಟ್ಟೆಗಳನ್ನೇ ತಿಂದುಬಿಡುತ್ತದೆ. ವಾರಕ್ಕೊಮ್ಮೆ ಮಂದ ಬೆಳಕಿನಲ್ಲಿ, ಕೆಲವು ಕ್ಷಣ ನೋಡುವುದು ಸಾಕೆಂಬುದು ಸಾಮಾನ್ಯ ನಿಯಮ.

ಮೊದಲ ಕೆಲಸಗಾರರು

ಬೆಚ್ಚನೆಯ ವಾತಾವರಣದಲ್ಲಿ ಕ್ಯಾಂಪೊನೋಟಸ್ ಕುಲದ ಮೊಟ್ಟೆಯೊಂದು ಪ್ರೌಢ ಇರುವೆಯಾಗಲು ಸಾಮಾನ್ಯವಾಗಿ ಒಂದೂವರೆ–ಎರಡು ತಿಂಗಳು ಹಿಡಿಯುತ್ತದೆ. ತಾಪಮಾನ ಇಳಿದಷ್ಟೂ ಈ ಅವಧಿ ದೀರ್ಘವಾಗುತ್ತದೆ. ಮೊದಲ ಸಂತಾನದ ಕೆಲಸಗಾರರು ಮುಂದಿನವುಗಳಿಗಿಂತ ಬಹಳ ಚಿಕ್ಕವು. ತನ್ನ ಮೈಯ ಸೀಮಿತ ಸಂಗ್ರಹದಿಂದ ಒಂದೆರಡು ದೊಡ್ಡ ಮಕ್ಕಳನ್ನು ಬೆಳೆಸುವುದಕ್ಕಿಂತ ಹಲವು ಸಣ್ಣ ಮಕ್ಕಳನ್ನು ಬೆಳೆಸುವುದು ರಾಣಿಗೆ ಲಾಭಕರ. ಅವುಗಳಲ್ಲಿ ಒಂದು ಸತ್ತರೂ ಉಳಿದವು ಕುಟುಂಬವನ್ನು ನಡೆಸುತ್ತವೆ.

ಮೊದಲ ಕೆಲಸಗಾರರು ಹೊರಬಂದ ಕೂಡಲೇ ಆಹಾರ ನೀಡಲು ಆರಂಭಿಸಬೇಕು. ಜೇನುತುಪ್ಪ ಅಥವಾ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಒಂದು ಸಣ್ಣ ಹನಿಯನ್ನು ಕಾಗದದ ಚೂರಿನ ಮೇಲಿಟ್ಟು ಪ್ರನಾಳದ ಬಾಯಿಯ ಬಳಿ ಇರಿಸಲಾಗುತ್ತದೆ. ದೊಡ್ಡ ಹನಿಯಲ್ಲಿ ಇರುವೆಗಳು ಅಂಟಿಕೊಂಡು ಸಾಯುವ ಅಪಾಯವಿದೆ. ಹೊಟ್ಟೆ ತುಂಬಿದ ಕೆಲಸಗಾರ ಇರುವೆಯು ಬಾಯಿಗೆ ಬಾಯಿಟ್ಟು ರಾಣಿಗೆ ಉಣಿಸುವುದನ್ನು ಆಗ ಕಾಣಬಹುದು. ಇರುವೆಯ ಒಡಲಿನಲ್ಲಿ ತನ್ನ ಸ್ವಂತ ಜೀರ್ಣಕ್ಕಲ್ಲದೆ ಇತರರೊಂದಿಗೆ ಹಂಚಿಕೊಳ್ಳುವುದಕ್ಕೆಂದೇ ದ್ರವಾಹಾರವನ್ನು ಕೂಡಿಡುವ ಚೀಲವಿದೆ. ಕೀಟತಜ್ಞರು ಅದನ್ನು ಸಾಮಾಜಿಕ ಜಠರ ಎಂದು ಕರೆದಿದ್ದಾರೆ.

ಗೂಡಿನ ವಿಧಗಳು

ಕೆಲಸಗಾರರ ಸಂಖ್ಯೆ ಇಪ್ಪತ್ತು–ಮೂವತ್ತನ್ನು ದಾಟುವವರೆಗೆ ಪ್ರನಾಳವೇ ಗೂಡಾಗಿ ಸಾಕಾಗುತ್ತದೆ. ಅವಸರದಿಂದ ದೊಡ್ಡ ಗೂಡಿಗೆ ಸಾಗಿಸಿದರೆ ಖಾಲಿ ಕೋಣೆಗಳಲ್ಲಿ ಕಸ ಸೇರಿ ಬೂಷ್ಟು ಬೆಳೆಯುತ್ತದೆ. ಮುಂದೆ ಬಳಸುವ ಗೂಡುಗಳು ಮುಖ್ಯವಾಗಿ ನಾಲ್ಕು ವಿಧ.

ಮಣ್ಣಿನ ಗೂಡು: ಎರಡು ಗಾಜುಗಳ ನಡುವೆ ಮಣ್ಣು ಅಥವಾ ಮರಳು ತುಂಬಿದ್ದು. ಇರುವೆಗಳು ಸುರಂಗ ತೋಡುವುದನ್ನು ನೋಡಬಹುದು. ಆದರೆ ರಾಣಿಯು ಕಣ್ಣಿಗೆ ಬೀಳುವುದು ಅಪರೂಪ, ಶುಚಿಗೊಳಿಸುವುದೂ ಕಷ್ಟ.

ಪ್ಲಾಸ್ಟರಿನ ಗೂಡು: ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಕೋಣೆಗಳನ್ನು ಮೂಡಿಸಿ ಮೇಲೆ ಗಾಜು ಮುಚ್ಚಿದ್ದು. ಪ್ಲಾಸ್ಟರ್ ನೀರನ್ನು ಹೀರಿಕೊಂಡು ತೇವವನ್ನು ನಿಧಾನವಾಗಿ ಬಿಡುತ್ತದೆ. ಕೆಲವು ಪ್ರಭೇದಗಳು ಇದನ್ನು ಕೊರೆದು ಹೊರಬರುತ್ತವೆ.

ಹಗುರ ಕಾಂಕ್ರೀಟಿನ ಗೂಡು: ಕಟ್ಟಡಗಳಿಗೆ ಬಳಸುವ, ಗಾಳಿಗುಳ್ಳೆಗಳಿಂದ ಕೂಡಿದ ಹಗುರ ಇಟ್ಟಿಗೆಯಲ್ಲಿ ಕೋಣೆಗಳನ್ನು ಕೊರೆದದ್ದು. ಇದೂ ತೇವವನ್ನು ಹಿಡಿದಿಡುತ್ತದೆ.

ಅಕ್ರಿಲಿಕ್ ಗೂಡು: ಪಾರದರ್ಶಕ ಹಾಳೆಗಳನ್ನು ಕತ್ತರಿಸಿ ಜೋಡಿಸಿದ್ದು. ವೀಕ್ಷಣೆಗೆ ಉತ್ತಮ. ತೇವಕ್ಕಾಗಿ ಪ್ರತ್ಯೇಕ ಸ್ಪಂಜು ಅಥವಾ ನೀರಿನ ಕೋಣೆ ಬೇಕು.

ಗೂಡಿಗೆ ಕೊಳವೆಯ ಮೂಲಕ ಜೋಡಿಸಿದ ತೆರೆದ ಪೆಟ್ಟಿಗೆಯೊಂದನ್ನು 'ಮೇವಿನ ಅಂಗಳ' ಎನ್ನಬಹುದು. ಆಹಾರವನ್ನು ಇರಿಸುವುದೂ ಇರುವೆಗಳು ಕಸವನ್ನು ಹಾಗೂ ಸತ್ತ ಸಂಗಾತಿಗಳನ್ನು ತಂದು ಒಂದು ಮೂಲೆಯಲ್ಲಿ ರಾಶಿ ಹಾಕುವುದೂ ಇಲ್ಲಿಯೇ. ಇರುವೆಗಳು ಪೆಟ್ಟಿಗೆಯನ್ನು ಏರಿ ಹೊರಬರದಂತೆ ಅದರ ಮೇಲಂಚಿನ ಒಳಬದಿಗೆ ಟಾಲ್ಕಂ ಪುಡಿಯನ್ನು ಮದ್ಯಸಾರದಲ್ಲಿ ಕಲಸಿ ಬಳಿಯುತ್ತಾರೆ. ವ್ಯಾಸಲೀನ್, ಎಣ್ಣೆ ಅಥವಾ ಜಾರುವ ಗುಣದ ಟೆಫ್ಲಾನ್ ದ್ರವವನ್ನೂ ಬಳಸುವುದುಂಟು. ಅಡುಗೆಮನೆಯಲ್ಲಿ ಸಿಹಿತಿಂಡಿಯ ಪಾತ್ರೆಯನ್ನು ನೀರಿನ ತಟ್ಟೆಯಲ್ಲಿ ಇರಿಸಿ ಇರುವೆಗಳನ್ನು ದೂರವಿಡುವ ಹಳೆಯ ಉಪಾಯವು ಇಲ್ಲಿ ಎರಡು ಬಗೆಯಲ್ಲಿ ನೆರವಾಗುತ್ತದೆ: ಸಾಕಿದ ಇರುವೆಗಳು ಹೊರಹೋಗುವುದಿಲ್ಲ, ಮನೆಯ ಇತರ ಇರುವೆಗಳು ಒಳನುಗ್ಗಿ ಕುಟುಂಬವನ್ನು ಕೊಳ್ಳೆಹೊಡೆಯುವುದೂ ಇಲ್ಲ.

ಆಹಾರ ಮತ್ತು ಆರೈಕೆ

ಇರುವೆ ಕುಟುಂಬಕ್ಕೆ ಎರಡು ಬಗೆಯ ಆಹಾರ ಬೇಕು. ಸಿಹಿದ್ರವವು ಓಡಾಡುವ ಕೆಲಸಗಾರರಿಗೆ ಶಕ್ತಿಯನ್ನು ಕೊಡುತ್ತದೆ. ಪ್ರೋಟೀನು ಬೆಳೆಯುವ ಮರಿಹುಳುಗಳಿಗೂ ಮೊಟ್ಟೆಯಿಡುವ ರಾಣಿಗೂ ಅಗತ್ಯ. ಹಣ್ಣಿನ ನೊಣ, ಜಿರಲೆಯ ಅಥವಾ ಮಿಡತೆಯ ತುಂಡು, ಹಿಟ್ಟಿನ ಹುಳು, ಬೇಯಿಸಿದ ಮೊಟ್ಟೆಯ ಚೂರು ಇವುಗಳನ್ನು ಪ್ರೋಟೀನಿಗಾಗಿ ನೀಡಲಾಗುತ್ತದೆ. ಕೀಟನಾಶಕದಿಂದ ಸತ್ತ ಹುಳುಗಳನ್ನು ನೀಡಕೂಡದು. ಹೊರಗಿನಿಂದ ಹಿಡಿದ ಹುಳುಗಳನ್ನು ಕುದಿನೀರಿನಲ್ಲಿ ಅದ್ದಿ ಅಥವಾ ಫ್ರೀಜರಿನಲ್ಲಿ ಇರಿಸಿ ನೀಡಿದರೆ ಅವುಗಳಲ್ಲಿರಬಹುದಾದ ಉಣ್ಣೆ ಮೊದಲಾದ ಪರೋಪಜೀವಿಗಳ ಅಪಾಯ ತಗ್ಗುತ್ತದೆ. ಉಳಿದ ಆಹಾರವನ್ನು ಮರುದಿನವೇ ತೆಗೆಯಬೇಕು.

ದಕ್ಷಿಣ ಭಾರತದ ಬಯಲುಸೀಮೆಯ ಪ್ರಭೇದಗಳಿಗೆ ಸಾಮಾನ್ಯ ಕೋಣೆಯ ತಾಪಮಾನವೇ ಸಾಕು. ಯೂರೋಪ್, ಉತ್ತರ ಅಮೆರಿಕ ಮೊದಲಾದ ಶೀತಪ್ರದೇಶಗಳ ಇರುವೆಗಳಿಗೆ ಚಳಿಗಾಲದಲ್ಲಿ ಕೆಲವು ತಿಂಗಳು ತಂಪಿನಲ್ಲಿ ವಿಶ್ರಾಂತಿ ಬೇಕು. ಅದು ತಪ್ಪಿದರೆ ಕುಟುಂಬವು ಸೊರಗುತ್ತದೆ. ಗೂಡನ್ನು ನೇರ ಬಿಸಿಲಿನಲ್ಲಿ ಇರಿಸಬಾರದು. ಗಾಜಿನೊಳಗಿನ ಗಾಳಿಯು ಬೇಗನೆ ಕಾದು ಕೆಲವೇ ನಿಮಿಷಗಳಲ್ಲಿ ಇಡೀ ಕುಟುಂಬವೇ ಸಾಯಬಹುದು. ಬಹುತೇಕ ಇರುವೆಗಳಿಗೆ ಕೆಂಪು ಬೆಳಕು ಸರಿಯಾಗಿ ಕಾಣದು. ಆದುದರಿಂದ ಗೂಡಿನ ಮೇಲೆ ಕೆಂಪು ಬಣ್ಣದ ಪಾರದರ್ಶಕ ಹಾಳೆಯನ್ನು ಹೊದಿಸಿದರೆ ಇರುವೆಗಳ ಪಾಲಿಗೆ ಕತ್ತಲೆಯೂ ನೋಡುವವರ ಪಾಲಿಗೆ ಬೆಳಕೂ ಇರುತ್ತದೆ.

ಸೊಳ್ಳೆಬತ್ತಿ ಮತ್ತು ಸೊಳ್ಳೆನಿವಾರಕ ದ್ರವಗಳಲ್ಲಿ ಬಳಸುವ ಪೈರೆಥ್ರಾಯ್ಡ್ ರಾಸಾಯನಿಕಗಳು ಕೀಟಗಳ ನರಮಂಡಲಕ್ಕೆ ವಿಷ. ಇವುಗಳನ್ನು ಬಳಸುವ ಕೋಣೆಯಲ್ಲಿ ಇರುವೆ ಗೂಡನ್ನು ಇರಿಸಬಾರದು.

ಶಿಕ್ಷಣ ಮತ್ತು ಸಂಶೋಧನೆಯಲ್ಲಿ

ತರಗತಿಯಲ್ಲಿ ಕೀಟದ ಜೀವನಚಕ್ರ, ಶ್ರಮವಿಭಜನೆ, ವಾಸನೆಯ ಮೂಲಕ ಸಂವಹನ ಮೊದಲಾದ ವಿಷಯಗಳನ್ನು ಕಣ್ಣಾರೆ ತೋರಿಸುವುದಕ್ಕೆ ಇರುವೆ ಗೂಡು ಉಪಯುಕ್ತ. ಮೊಟ್ಟೆ, ಮರಿಹುಳು, ಕೋಶಗಳ ಸಂಖ್ಯೆಯನ್ನು ವಾರಕ್ಕೊಮ್ಮೆ ಎಣಿಸಿ ಬರೆದಿಡುವುದು, ಆಹಾರದತ್ತ ಇರುವೆಗಳು ಸಾಲುಗಟ್ಟುವ ಬಗೆಯನ್ನು ಗುರುತಿಸುವುದು ಇಂತಹ ಸರಳ ಅಭ್ಯಾಸಗಳು ವಿದ್ಯಾರ್ಥಿಗಳಲ್ಲಿ ತಾಳ್ಮೆಯ ವೀಕ್ಷಣೆಯನ್ನು ಬೆಳೆಸುತ್ತವೆ.

ಸಾಕಿದ ಇರುವೆಗಳಿಂದ ವಿಜ್ಞಾನಕ್ಕೆ ದೊರೆತ ಕೊಡುಗೆಯೂ ಗಣನೀಯ. ದಕ್ಷಿಣ ಭಾರತದ ಹಾರ್ಪೆಗ್ನಥೋಸ್ ಸಾಲ್ಟೇಟರ್ ಇರುವೆಯನ್ನು ಟಿ. ಸಿ. ಜೆರ್ಡನ್ 1851ರಲ್ಲಿ ಮೊದಲು ವರ್ಣಿಸಿದನು. ಇದರ ಕುಟುಂಬದಲ್ಲಿ ರಾಣಿ ಸತ್ತರೆ ಕೆಲಸಗಾರರು ಕುಡಿಮೀಸೆಗಳಿಂದ ಹೊಡೆದಾಡಿ, ಗೆದ್ದ ಕೆಲವು ರಾಣಿಯ ಸ್ಥಾನಕ್ಕೇರಿ ಮೊಟ್ಟೆಯಿಡುತ್ತವೆ. ಸಂಪೂರ್ಣ ಜೀನೋಮ್ ಓದಲಾದ ಮೊದಲ ಎರಡು ಇರುವೆ ಪ್ರಭೇದಗಳಲ್ಲಿ ಇದು ಒಂದು. ಆ ಫಲಿತಾಂಶವು 2010ರಲ್ಲಿ ಪ್ರಕಟವಾಯಿತು. ಮೊಟ್ಟೆಯಿಡುವ ಸ್ಥಾನಕ್ಕೇರಿದ ಕೆಲಸಗಾರ ಇರುವೆಯ ಮೆದುಳು ಕುಗ್ಗುತ್ತದೆ, ಅದನ್ನು ಮತ್ತೆ ಕೆಲಸಗಾರ ಸ್ಥಿತಿಗೆ ಮರಳಿಸಿದಾಗ ಮೆದುಳು ಮರಳಿ ಬೆಳೆಯುತ್ತದೆ ಎಂಬ ಶೋಧವು 2021ರಲ್ಲಿ ಹೊರಬಂದಿತು. 2014ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೂ ಇರುವೆಗಳನ್ನು ಪುಟ್ಟ ಗೂಡುಗಳಲ್ಲಿ ಒಯ್ದು, ತೂಕವಿಲ್ಲದ ಸ್ಥಿತಿಯಲ್ಲಿ ಅವು ಹೊಸ ಜಾಗವನ್ನು ಹೇಗೆ ಹುಡುಕುತ್ತವೆ ಎಂಬುದನ್ನು ಪರೀಕ್ಷಿಸಲಾಯಿತು.

ಪರಿಸರ ಮತ್ತು ಕಾನೂನು

ಪರದೇಶದ ಇರುವೆಗಳನ್ನು ತರಿಸಿ ಸಾಕುವುದು ಈ ಹವ್ಯಾಸದ ಅತ್ಯಂತ ಅಪಾಯಕರ ಮುಖ. ತಪ್ಪಿಸಿಕೊಂಡ ಅಥವಾ ಬೇಸರದಿಂದ ಹೊರಬಿಟ್ಟ ಒಂದು ಕುಟುಂಬವು ಹೊಸ ನೆಲದಲ್ಲಿ ಬೇರೂರಿದರೆ ಅದನ್ನು ತೊಡೆದುಹಾಕುವುದು ಬಹುತೇಕ ಅಸಾಧ್ಯ. ಇಂತಹ ಹಾನಿಯ ಗಂಭೀರ ಉದಾಹರಣೆ ಹಿಂದೂ ಮಹಾಸಾಗರದ ಕ್ರಿಸ್ಮಸ್ ದ್ವೀಪದಲ್ಲಿದೆ. ಸಾಕಣೆಯಿಂದಲ್ಲದೆ ಮನುಷ್ಯರ ಸರಕು ಸಾಗಣೆಯಿಂದ ಅಲ್ಲಿಗೆ ತಲುಪಿದ ಅನೊಪ್ಲೋಲೆಪಿಸ್ ಗ್ರಾಸಿಲಿಪೆಸ್ ಎಂಬ ಹಳದಿ ಇರುವೆಯು ಅಲ್ಲಿನ ಕೆಂಪು ಏಡಿಗಳನ್ನು ಕೋಟಿಯ ಲೆಕ್ಕದಲ್ಲಿ ಕೊಂದಿದೆ. ಏಡಿಗಳು ಇಲ್ಲವಾದೆಡೆ ಕಾಡಿನ ಸ್ವರೂಪವೇ ಬದಲಾಗಿದೆ.

ಇನ್ನೊಂದು ಸಮಸ್ಯೆ ಕಾಡಿನಿಂದ ರಾಣಿಗಳ ಸಾಮೂಹಿಕ ಸಂಗ್ರಹ. 2025ರ ಏಪ್ರಿಲ್‌ನಲ್ಲಿ ಕೀನ್ಯಾದಲ್ಲಿ ಸುಮಾರು 5,000 ರಾಣಿ ಇರುವೆಗಳನ್ನು ಸಣ್ಣ ನಳಿಕೆಗಳಲ್ಲಿ ಹತ್ತಿಯೊಂದಿಗೆ ತುಂಬಿಸಿ ಇರಿಸಿಕೊಂಡಿದ್ದ ಇಬ್ಬರು ಬೆಲ್ಜಿಯಂ ಯುವಕರನ್ನು ಬಂಧಿಸಲಾಯಿತು. ಅವುಗಳಲ್ಲಿ ಮೆಸ್ಸರ್ ಸೆಫಲೋಟಿಸ್ ಎಂಬ ದೊಡ್ಡ ಬೀಜ ಸಂಗ್ರಾಹಕ ಇರುವೆಯೂ ಸೇರಿತ್ತು. ಪ್ರತ್ಯೇಕ ಪ್ರಕರಣದಲ್ಲಿ ಸಿಕ್ಕಿಬಿದ್ದ ಇನ್ನಿಬ್ಬರೂ ಸೇರಿ ನಾಲ್ವರಿಗೆ ಮೇ ತಿಂಗಳಿನಲ್ಲಿ ನೈರೋಬಿಯ ನ್ಯಾಯಾಲಯವು ತಲಾ ಹತ್ತು ಲಕ್ಷ ಕೀನ್ಯಾ ಷಿಲಿಂಗ್ ದಂಡ, ತಪ್ಪಿದರೆ ಒಂದು ವರ್ಷದ ಸೆರೆವಾಸವನ್ನು ವಿಧಿಸಿತು. ಆನೆಯ ದಂತ, ಖಡ್ಗಮೃಗದ ಕೊಂಬುಗಳಂತೆ ಇರುವೆಯೂ ಕಳ್ಳಸಾಗಣೆಯ ವಸ್ತುವಾಗಬಲ್ಲದೆಂಬುದು ಈ ಪ್ರಕರಣದಿಂದ ಜಗತ್ತಿನ ಗಮನಕ್ಕೆ ಬಂದಿತು. ಬೀಜ ಸಂಗ್ರಾಹಕ ಇರುವೆಗಳು ಬೀಜಗಳನ್ನು ಹರಡುವ, ಮಣ್ಣನ್ನು ತಿರುವಿಹಾಕುವ ಕೆಲಸವನ್ನೂ ಮಾಡುತ್ತವೆ. ಪ್ರತಿಯೊಂದು ರಾಣಿಯೂ ಒಂದು ಮುಂದಿನ ಕುಟುಂಬವಾದುದರಿಂದ ಸಾವಿರಾರು ರಾಣಿಗಳು ಹೋದರೆ ನೆಲವು ಆ ಸೇವೆಯನ್ನು ಕಳೆದುಕೊಳ್ಳುತ್ತದೆ.

ಭಾರತದಲ್ಲಿ ರಾಷ್ಟ್ರೀಯ ಉದ್ಯಾನ ಮತ್ತು ಅಭಯಾರಣ್ಯಗಳಿಂದ ಅನುಮತಿಯಿಲ್ಲದೆ ಯಾವುದೇ ವನ್ಯಜೀವಿಯನ್ನು ಒಯ್ಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ವಿರುದ್ಧ. ಹೊರದೇಶಗಳಿಂದ ಜೀವಂತ ಕೀಟಗಳನ್ನು ತರಿಸುವುದಕ್ಕೆ ಸಸ್ಯ ಸಂಪರ್ಕನಿಷೇಧ ನಿಯಮಗಳ ಪ್ರಕಾರ ಪರವಾನಗಿ ಬೇಕು. ಅಮೆರಿಕದಲ್ಲಿ ರಾಣಿ ಇರುವೆಯನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸುವುದಕ್ಕೂ ಕೃಷಿ ಇಲಾಖೆಯ ಅನುಮತಿ ಅಗತ್ಯ.

ಕುಟುಂಬದ ಅಂತ್ಯ

ರಾಣಿಯು ಸತ್ತರೆ ಬಹುತೇಕ ಪ್ರಭೇದಗಳಲ್ಲಿ ಕುಟುಂಬವೂ ಕ್ರಮೇಣ ಮುಗಿಯುತ್ತದೆ. ಕೆಲಸಗಾರರು ಕೆಲವು ತಿಂಗಳು ಎಂದಿನಂತೆ ಗೂಡನ್ನು ಶುಚಿಗೊಳಿಸುತ್ತ, ಉಳಿದ ಮರಿಗಳನ್ನು ಸಾಕುತ್ತ ಇರುತ್ತವೆ. ಅವು ಮೊಟ್ಟೆಯಿಟ್ಟರೂ ಹುಟ್ಟುವುದು ಗಂಡುಗಳು ಮಾತ್ರ. ಬೇರೆ ಗೂಡಿನ ರಾಣಿಯನ್ನು ತಂದು ಬಿಟ್ಟರೆ ವಾಸನೆಯ ಭೇದದಿಂದ ಅದನ್ನು ಪರಕೀಯವೆಂದು ಗುರುತಿಸಿ ಸಾಮಾನ್ಯವಾಗಿ ಕೊಂದುಹಾಕುತ್ತವೆ.

ಸಾಕುವುದನ್ನು ನಿಲ್ಲಿಸಬೇಕಾದಾಗ ಸ್ಥಳೀಯ ಪ್ರಭೇದದ ಆರೋಗ್ಯವಂತ ಕುಟುಂಬವನ್ನು ರಾಣಿಯನ್ನು ಹಿಡಿದ ಸ್ಥಳದಲ್ಲಿಯೇ, ಮಳೆಗಾಲದ ಮೆತ್ತನೆಯ ಮಣ್ಣಿನಲ್ಲಿ ಬಿಡಬಹುದು. ಬೇರೆ ಪ್ರದೇಶದಿಂದ ತಂದ ಇರುವೆಗಳನ್ನು ಯಾವ ಕಾರಣಕ್ಕೂ ಹೊರಗೆ ಬಿಡಕೂಡದು. ಅವುಗಳನ್ನು ಇನ್ನೊಬ್ಬ ಅನುಭವಿಗೆ ಒಪ್ಪಿಸುವುದು, ಅದು ಸಾಧ್ಯವಾಗದಿದ್ದರೆ ಗೂಡನ್ನು ಫ್ರೀಜರಿನಲ್ಲಿ ಇರಿಸಿ ಕೊನೆಗಾಣಿಸುವುದು ರೂಢಿ.

ಇವನ್ನೂ ನೋಡಿ

ಇರುವೆ
ಗೆದ್ದಲು
ಜೇನು ಸಾಕಣೆ
ಕೀಟಶಾಸ್ತ್ರ
ಆಕ್ರಮಣಕಾರಿ ಪ್ರಭೇದಗಳು